1779: ದುರ್ಗದಿಂದ ಹೊರಟ 20,000 ಜನ

ಈ ಸಲ ನಮ್ಮ ಅಂಕಣದ ವರ್ಷ 1779. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಓದುಗರಿಗೆ ಇದು ಯಾವ ವರ್ಷ ಅಂತ ಬಿಡಿಸಿ ಹೇಳಬೇಕಾಗಿಲ್ಲ. ದುರ್ಗ ಬಿದ್ದ ವರ್ಷ. ದುರ್ಗದ ಕಥೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಇಬ್ಬರೇ, ಮದಕರಿ ನಾಯಕ ಮತ್ತು ಒನಕೆ ಓಬವ್ವ. ಆದರೆ ಆ ವರ್ಷದ ಕಥೆಯಲ್ಲಿ ಇನ್ನೊಂದು ದೊಡ್ಡ ಗುಂಪಿದೆ. ಅವರ ಹೆಸರು ನಮಗೆ ಉಳಿದಿಲ್ಲ, ಅವರಿಗೊಂದು ಪ್ರತಿಮೆಯೂ ಇಲ್ಲ. ಇವತ್ತು ಅವರ ವಿಷಯ.

ಮೊದಲು ಸ್ವಲ್ಪ ಹಿನ್ನೆಲೆ. ಮತ್ತಿ ತಿಮ್ಮಣ್ಣ ನಾಯಕನಿಗೆ ವಿಜಯನಗರದವರಿಂದ ಸಿಕ್ಕಿದ್ದು ಹೊಳಲ್ಕೆರೆಯ ನಾಯಕತನ, ಆಮೇಲೆ ಹಿರಿಯೂರು, ಕೊನೆಗೆ ಚಿತ್ರದುರ್ಗ. ಇದು 1568ರ ಸುಮಾರಿನ ಮಾತು. ಅಲ್ಲಿಂದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬೇಡ ನಾಯಕರು ಈ ಸೀಮೆಯನ್ನು ಆಳಿದರು. ಕೊನೆಯ ಮದಕರಿ 1754ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಹೊಸದುರ್ಗ ಸೀಮೆಯ ಜಾನಕಲ್ಲಿನಿಂದ ಕರೆತಂದು ಪಟ್ಟ ಕಟ್ಟಿದರು ಅಂತ ನಮ್ಮ ಕಡೆ ಹೇಳ್ತಾರೆ.

ಆ ಹುಡುಗನ ಪಾಲಿಗೆ ಬಂದದ್ದು ಸುಲಭದ ಕಾಲ ಅಲ್ಲ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಶ್ರೀರಂಗಪಟ್ಟಣದಲ್ಲಿ ಬೆಳೆಯುತ್ತಿದ್ದ ಹೈದರಾಲಿ. ನಡುವೆ ದುರ್ಗ. ಮದಕರಿ ಹೈದರನ ಪರವಾಗಿ ಯುದ್ಧಕ್ಕೆ ಹೋದದ್ದೂ ಇದೆ, ಮರಾಠರ ಕಡೆ ವಾಲಿದ್ದೂ ಇದೆ. ಇಬ್ಬರು ಬಲಶಾಲಿಗಳ ನಡುವೆ ಸಿಕ್ಕಿಕೊಂಡ ಸಣ್ಣ ರಾಜ್ಯಕ್ಕೆ ಬೇರೆ ದಾರಿ ಇರಲಿಲ್ಲ. ಹೈದರ್ ಒಂದಕ್ಕಿಂತ ಹೆಚ್ಚು ಸಲ ದುರ್ಗಕ್ಕೆ ಮುತ್ತಿಗೆ ಹಾಕಿದ. ಓಬವ್ವನ ಕಥೆ ಅಂಥ ಒಂದು ಹಿಂದಿನ ಮುತ್ತಿಗೆಯದು ಅನ್ನುತ್ತಾರೆ. ಆ ಸಲ ಕೋಟೆ ಉಳಿಯಿತು.

ಹಾಗಾದರೆ 1779ರಲ್ಲಿ ಏನು ಬದಲಾಯಿತು? ಉತ್ತರದ ಅರ್ಧ ಭಾಗ ಇರೋದು ದುರ್ಗದಿಂದ ಬಹಳ ದೂರ, ಪುಣೆಯ ಹತ್ತಿರ. ಆ ವರ್ಷ ಜನವರಿಯಲ್ಲಿ ವಡಗಾವ್ ಎಂಬಲ್ಲಿ ಮರಾಠರು ಇಂಗ್ಲಿಷರ ಸೈನ್ಯವನ್ನು ಸುತ್ತುವರಿದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಗೆದ್ದರು ನಿಜ. ಆದರೆ ಮನೆಯೊಳಗಿನ ಪೇಶ್ವೆಗಿರಿಯ ಜಗಳ ಮತ್ತು ಇಂಗ್ಲಿಷರ ಯುದ್ಧ ಎರಡರಲ್ಲೂ ಅವರ ಕೈ ತುಂಬಿತ್ತು. ದಕ್ಷಿಣಕ್ಕೆ ತಿರುಗಿ ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ಅಂದರೆ ಮದಕರಿಯ ನೆರವಿಗೆ ಬರುವವರು ಯಾರೂ ಉಳಿದಿರಲಿಲ್ಲ.

ಇನ್ನರ್ಧ ಇರೋದು ಕೋಟೆಯ ಒಳಗೆ. ಏಳು ಸುತ್ತಿನ ಕೋಟೆ, ಬಂಡೆಗೆ ಬಂಡೆ ಹೊಂದಿಸಿ ಕಟ್ಟಿದ ಗೋಡೆ, ಒಂದು ತುಂಬಿದರೆ ಇನ್ನೊಂದಕ್ಕೆ ನೀರು ಹರಿಯುವ ಹೊಂಡಗಳು, ಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳು. ಹೊರಗಿನಿಂದ ಬಂದು ಇದನ್ನು ಒಡೆಯೋದು ಕಷ್ಟ. ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿರುವ ಪ್ರಕಾರ, ನಾಯಕನ ಸೈನ್ಯದಲ್ಲಿದ್ದ ಮುಸ್ಲಿಂ ಅಧಿಕಾರಿಗಳನ್ನು ಹೈದರ್ ಗುಟ್ಟಾಗಿ ತನ್ನ ಕಡೆ ಒಲಿಸಿಕೊಂಡ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಇದು ಬಹಳ ಪರಿಚಯದ ವಿಷಯ. ಹೊರಗಿನ ಬೇಲಿ ಎಷ್ಟೇ ಗಟ್ಟಿಯಾಗಿರಲಿ, ಒಳಗೆ ಬರಲು ಅನುಮತಿ ಇರುವವನೇ ಬಾಗಿಲು ತೆಗೆದರೆ ಬೇಲಿ ಏನು ಮಾಡುತ್ತೆ?

ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ಎರಡು ಧರ್ಮಗಳ ಯುದ್ಧ ಅಂತ ಓದುವವರಿದ್ದಾರೆ. ಆದರೆ ಬೇಡ ನಾಯಕನ ಸೈನ್ಯದಲ್ಲಿ ಮುಸ್ಲಿಮರಿದ್ದರು, ಹೈದರನ ಆಡಳಿತದಲ್ಲಿ ಪೂರ್ಣಯ್ಯನಂಥವರಿದ್ದರು. ಅಧಿಕಾರ, ಕಪ್ಪಕಾಣಿಕೆ, ಗಡಿ, ಜಗಳ ಇದ್ದದ್ದು ಇವುಗಳಿಗಾಗಿ.

ಕೋಟೆ ಬಿತ್ತು. ಮದಕರಿಯನ್ನೂ ಅವನ ಮನೆಯವರನ್ನೂ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಿದರು. ನಮ್ಮ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಆದರೆ ಹೈದರ್ ಇಲ್ಲಿಗೆ ನಿಲ್ಲಿಸಲಿಲ್ಲ. ನಾಯಕನನ್ನು ಹಿಡಿದ ಮಾತ್ರಕ್ಕೆ ದುರ್ಗ ತನ್ನದಾಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಹಾಗಾಗಿ ಈ ಸೀಮೆಯ ಸುಮಾರು 20,000 ಬೇಡ ಜನರನ್ನು ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ಅವರಲ್ಲಿ ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ, ಕವಾಯತು ಕಲಿಸಿ, ‘ಚೇಲಾ’ ಎಂಬ ಪಡೆಗಳನ್ನು ಕಟ್ಟಿದ.

20,000 ಅಂದರೆ ಎಷ್ಟು ಅಂತ ಒಂದು ಸಲ ಯೋಚಿಸಿ. ಮಧ್ಯೆ ಹಿರಿಯೂರು, ಶಿರಾ, ತುಮಕೂರು ದಾಟಿ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇವತ್ತು ನಮ್ಮ ಜಿಲ್ಲೆಯಿಂದ ನನ್ನಂಥ ಸಾವಿರಾರು ಜನ ಕೆಲಸಕ್ಕಂತ ಬೆಂಗಳೂರಿಗೆ ಹೋಗಿದ್ದೀವಿ. ಹಬ್ಬಕ್ಕೆ, ಜಾತ್ರೆಗೆ ಬಸ್ ಹತ್ತಿ ವಾಪಸ್ ಬರ್ತೀವಿ. ಅವರು ಹೋದದ್ದು ಹಾಗಲ್ಲ. ಹೊಲ, ದನ, ದೇವರ ಗುಡಿ, ಹಿರಿಯರ ಸಮಾಧಿ ಎಲ್ಲ ಹಿಂದೆ ಬಿಟ್ಟು ಹೊರಟವರು. ಇದು ಅಂದಿನ ರಾಜನೀತಿಯ ಒಂದು ಪದ್ಧತಿಯೇ ಆಗಿತ್ತು. ಮುಂದೆ ಟಿಪ್ಪುವಿನ ಕಾಲದಲ್ಲಿ ಗಂಜಾಮನ್ನು ತುಂಬಿಸಲು ನಮ್ಮ ಪಕ್ಕದ ಶಿರಾದಿಂದಲೇ 12,000 ಕುಟುಂಬಗಳನ್ನು ಸಾಗಿಸಿದರು.

ದುರ್ಗಕ್ಕೆ ಹೈದರ್ ಇಟ್ಟ ಅಧಿಕಾರಿಯ ಕಥೆ ಇನ್ನೂ ವಿಚಿತ್ರ. ಅವನ ಹೆಸರು ಶೇಖ್ ಅಯಾಜ್. ಹುಟ್ಟಿನಿಂದ ಮಲಬಾರಿನ ನಾಯರ್. ಅವನೂ ಸೆರೆಯಾಗಿ ಬಂದ ಹುಡುಗ, ಅವನೂ ಚೇಲಾ. ನನಗೆ ಓದು ಬರಹ ಬರಲ್ಲ, ಆಡಳಿತ ಹೇಗೆ ಮಾಡಲಿ ಅಂತ ಅವನು ಹಿಂಜರಿದಾಗ, ಲೇಖನಿಗಿಂತ ಚಾವಟಿ ಹತ್ತಿರ ಇಟ್ಟುಕೋ, ಅದೇ ಹೆಚ್ಚು ಕೆಲಸಕ್ಕೆ ಬರುತ್ತೆ ಎಂಬರ್ಥದ ಮಾತು ಹೇಳಿದನಂತೆ ಹೈದರ್. ಸ್ವತಃ ಹೈದರನಿಗೂ ಅಕ್ಷರ ಬರುತ್ತಿರಲಿಲ್ಲ. ಒಂದು ಊರಿನಿಂದ ಕಿತ್ತು ತಂದ ಹುಡುಗ, ಜನರನ್ನು ಕಿತ್ತು ಖಾಲಿ ಮಾಡಿದ ಇನ್ನೊಂದು ಊರಿಗೆ ಅಧಿಕಾರಿ!

ಅದೇ ಮಾರ್ಚ್ ತಿಂಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಇಂಗ್ಲಿಷರು ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರನಿಗೆ ಮದ್ದುಗುಂಡು ಬರುತ್ತಿದ್ದ ಬಂದರು ಅದು. ಸಿಟ್ಟಾದ ಅವನನ್ನು ಸಮಾಧಾನ ಮಾಡಲು ಮದರಾಸಿನವರು ಜರ್ಮನ್ ಪಾದ್ರಿ ಶ್ವಾರ್ಟ್ಸ್ ಅವರನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿದರು. ಪ್ರಯೋಜನ ಆಗಲಿಲ್ಲ. 1780ರಲ್ಲಿ ಎರಡನೇ ಮೈಸೂರು ಯುದ್ಧ ಶುರುವಾಯಿತು. ದುರ್ಗದ ಹುಡುಗರು ಈಗ ಸಿಪಾಯಿಗಳಾಗಿದ್ದದ್ದು ಈ ರಾಜ್ಯದ ಸೈನ್ಯದಲ್ಲಿ.

ಆ ವರ್ಷ ಉಳಿದ ಜಗತ್ತು ಏನು ಮಾಡ್ತಿತ್ತು? ಫೆಬ್ರವರಿ 14ರಂದು ಹವಾಯಿಯಲ್ಲಿ ನಾವಿಕ ಜೇಮ್ಸ್ ಕುಕ್ ಅಲ್ಲಿನ ಜನರ ಕೈಯಲ್ಲಿ ಸತ್ತ. ಇಂಗ್ಲೆಂಡಿನಲ್ಲಿ ಸೆವರ್ನ್ ನದಿಗೆ ಕಬ್ಬಿಣದ ಸೇತುವೆ ಎದ್ದು ನಿಂತಿತು. ಅಲ್ಲೇ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಹೊಸ ನೂಲುವ ಯಂತ್ರ ಮಾಡಿದ. ಮುಂದೆ ನಮ್ಮ ಹಳ್ಳಿಗಳ ರಾಟೆಗೆ ಪೆಟ್ಟು ಕೊಟ್ಟದ್ದು ಇಂಥ ಯಂತ್ರಗಳ ನೂಲೇ.

ಮದಕರಿ ನಾಯಕನನ್ನು ತ.ರಾ.ಸು. ಅವರ ‘ದುರ್ಗಾಸ್ತಮಾನ’ ಉಳಿಸಿಕೊಟ್ಟಿತು. ಓಬವ್ವನನ್ನು 1972ರ ‘ನಾಗರಹಾವು’ ಸಿನಿಮಾ ಮನೆಮನೆಗೂ ತಲುಪಿಸಿತು. ಇಬ್ಬರೂ ಅದಕ್ಕೆ ಅರ್ಹರೇ. ಆದರೆ ಆ 20,000 ಜನರಿಗೆ ಕಾದಂಬರಿಯೂ ಇಲ್ಲ, ಹಾಡೂ ಇಲ್ಲ. ನಮ್ಮಲ್ಲಿ ಕೆಲವರು ಮದಕರಿಯ ಪರ, ಕೆಲವರು ಹೈದರ್-ಟಿಪ್ಪು ಪರ ಅಂತ ಪ್ರತಿ ವರ್ಷ ಜಗಳ ಆಡ್ತೀವಿ. ಇವರ ಪರ ಯಾರಿದ್ದಾರೆ?

ಮುಂದಿನ ಸಲ ಕೋಟೆಗೆ ಹೋದಾಗ ಓಬವ್ವನ ಕಿಂಡಿಯ ಹತ್ತಿರ ಫೋಟೋ ತೆಗೆಸಿಕೊಂಡು ವಾಪಸ್ ಬರಬೇಡಿ. ಇನ್ನೂ ಸ್ವಲ್ಪ ಮೇಲೆ ಹತ್ತಿ, ಏಕನಾಥೇಶ್ವರಿ ಗುಡಿ ದಾಟಿ ಅಕ್ಕ-ತಂಗಿ ಹೊಂಡದ ಕಡೆ ಹೋಗಿ. ಬಿಂದಿಗೆ ಹಿಡಿದು ನೀರಿಗೆ ಬರುವವರು ಇದ್ದ ಕಾಲವೂ ಒಂದಿತ್ತು. ಮಕ್ಕಳು ಜೊತೆಗಿದ್ದರೆ ಅವರಿಗೆ ಅದನ್ನೂ ಹೇಳಿ.