ಬಾಡಿಗೆ ಮನೆಯ ಆಸೆ, ಲೆಕ್ಕದ ಪುಸ್ತಕ

ಸೇವೆ ಮುಗಿಸಿ ಗಿರಣಿಯ ಗೇಟಿನಿಂದ ಹೊರಬರುವ ಕಾರ್ಮಿಕನಿಗೆ ಊರಿನ ಬುದ್ಧಿವಂತರೆಲ್ಲ ಹೇಳುವ ಮಾತು ಒಂದೇ: “ಬಂದ ದುಡ್ಡಿನಲ್ಲಿ ಎರಡು ಮನೆ ಕಟ್ಟಿ ಬಾಡಿಗೆಗೆ ಬಿಡು, ಕೂತು ಉಣ್ಣಬಹುದು.” ಪೇಟೆಯ ಸಣ್ಣ ವ್ಯಾಪಾರಿಗೂ ಇದೇ ಉಪದೇಶ. ಈ ಆಸೆಯನ್ನು ನಾವು ಹಳಿಯುವುದಿಲ್ಲ. ಮುಪ್ಪಿನಲ್ಲಿ ಯಾರ ಮುಂದೆಯೂ ಕೈಯೊಡ್ಡದೆ ಬಾಳಬೇಕೆಂಬುದು ನ್ಯಾಯವಾದ ಬಯಕೆ. ಎರಡು ಕೋಣೆ ಬಾಡಿಗೆಗೆ ಬಿಟ್ಟವನನ್ನು ಬಂಡವಾಳಶಾಹಿ ಎಂದು ಕರೆಯುವ ಹುಂಬತನವೂ ನಮ್ಮದಲ್ಲ. ಆದರೆ “ಕೂತು ಉಣ್ಣಬಹುದು” ಎಂಬ ಮಾತಿನ ಹಿಂದೆ ಲೆಕ್ಕವಿಲ್ಲ. ಆ ಲೆಕ್ಕವನ್ನು ಓದುಗರ ಮುಂದಿಡುವುದು ನಮ್ಮ ಕರ್ತವ್ಯ.

ಮೊದಲು, ಈ ಹಣ ಎಂಥದೆಂಬುದನ್ನು ನೋಡೋಣ. ಗ್ರಾಚ್ಯುಯಿಟಿ ಎಂದರೆ ದುಡಿದ ಒಂದೊಂದು ವರ್ಷಕ್ಕೆ 15 ದಿನಗಳ ಸಂಬಳ. ತಿಂಗಳಿಗೆ 26 ದಿನದಂತೆ ಲೆಕ್ಕ. ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಸಂಬಳವಿದ್ದವನು 30 ವರ್ಷ ದುಡಿದರೆ ಅವನ ಕೈಗೆ ಬರುವುದು 2 ಲಕ್ಷ 60 ಸಾವಿರಕ್ಕೆ ತುಸು ಕಡಮೆ. ಅದರ ಜೊತೆಗೆ ಭವಿಷ್ಯನಿಧಿ. ಇದು ಒಂದು ಜೀವಮಾನದ ಬೆವರು. ಕಳೆದುಕೊಂಡರೆ ಎರಡನೆಯ ಸಲ ಬರುವುದಲ್ಲ.

ಸ್ವಂತ ನಿವೇಶನವುಳ್ಳವನೊಬ್ಬ ಎಲ್ಲವನ್ನೂ ಕೂಡಿಸಿ 12 ಲಕ್ಷದಲ್ಲಿ ಎರಡು ಸಣ್ಣ ಮನೆ ಕಟ್ಟಿದನೆನ್ನೋಣ. ಒಂದೊಂದಕ್ಕೆ 4,000ದಂತೆ ವರ್ಷಕ್ಕೆ 96,000 ರೂಪಾಯಿ ಬಾಡಿಗೆ. ಊರಿನವರು ಲೆಕ್ಕ ಹಾಕುವುದು ಇಲ್ಲಿಯವರೆಗೆ ಮಾತ್ರ. ಮುಂದಿನದನ್ನೂ ಬರೆಯಿರಿ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ 8,000 ಹೋಯಿತು. ಮನೆಗಂದಾಯ, ನೀರಿನ ಕಂದಾಯಕ್ಕೆ 6,000. ಸುಣ್ಣಬಣ್ಣ, ನಲ್ಲಿ, ಸೋರುವ ಮಾಳಿಗೆ, ಸುಟ್ಟ ಮೋಟಾರು ಇವುಗಳಿಗೆ 12,000. ಉಳಿದದ್ದು 70,000, ಅಂದರೆ ನೂರಕ್ಕೆ ಆರಕ್ಕಿಂತ ಕಡಮೆ. ನಿವೇಶನವನ್ನೂ ದುಡ್ಡು ಕೊಟ್ಟೇ ಕೊಂಡಿದ್ದರೆ ಇದು ಇನ್ನೂ ಕುಗ್ಗುತ್ತದೆ.

60 ವರ್ಷ ತುಂಬಿದವರಿಗೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2025ರಲ್ಲಿ ಅದರ ಬಡ್ಡಿ ಶೇಕಡ 8.2. ಅದೇ 12 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 24,600, ವರ್ಷಕ್ಕೆ 98,400 ರೂಪಾಯಿ. ಮಾಳಿಗೆ ಸೋರುವ ಭಯವಿಲ್ಲ. ಇನ್ನೊಂದು ಪಕ್ಷವನ್ನೂ ಹೇಳಬೇಕು: ಅಲ್ಲಿ ಐದು ವರ್ಷ ಬಡ್ಡಿ ಏರುವುದಿಲ್ಲ, ಅಸಲು ಬೆಳೆಯುವುದಿಲ್ಲ, ಬಾಡಿಗೆಯಾದರೋ ಬೆಲೆಗಳೊಡನೆ ಏರಬಹುದು, ಮನೆ ಮಕ್ಕಳಿಗೂ ಉಳಿಯುತ್ತದೆ. ಆದುದರಿಂದ ಮನೆ ಕಟ್ಟಬೇಡಿರೆಂದು ನಾವು ಹೇಳುತ್ತಿಲ್ಲ. ಇದ್ದ ಹಣವನ್ನೆಲ್ಲ ಇಟ್ಟಿಗೆ ಸಿಮೆಂಟಿಗೆ ಸುರಿಯಬೇಡಿ ಎನ್ನುತ್ತೇವೆ. ಆಸ್ಪತ್ರೆಯ ಖರ್ಚು ಬಂದ ದಿನ ಗೋಡೆಯನ್ನು ಒಡೆದು ಮಾರಲಾಗದು.

ಸಾಲ ತಂದು ಕಟ್ಟುವವರ ಮಾತು ಇನ್ನೂ ಕಷ್ಟದ್ದು. ಶೇಕಡ 9ರಂತೆ 20 ವರ್ಷಕ್ಕೆ 10 ಲಕ್ಷ ಸಾಲ ತಂದರೆ ತಿಂಗಳ ಕಂತು ಸುಮಾರು 9,000. ತೀರುವಷ್ಟರಲ್ಲಿ ಕಟ್ಟಿದ್ದು 21 ಲಕ್ಷ 60 ಸಾವಿರದ ಹತ್ತಿರ. ನಮ್ಮ ಎರಡು ಮನೆಗಳ ಬಾಡಿಗೆ 8,000! ಬಾಡಿಗೆಯಿಂದಲೇ ಕಂತು ತೀರೀತೆಂದು ನಂಬಿದವನು ಮನೆ ಖಾಲಿಯಾದ ತಿಂಗಳು ಅಂಗಡಿಯ ಗಲ್ಲಕ್ಕೆ ಕೈಹಾಕಬೇಕಾಗುತ್ತದೆ.

ಭೋಗ್ಯದ ಹಣವೂ ಹಾಗೆಯೇ. ಮೂರು ಲಕ್ಷ ಒಟ್ಟಿಗೆ ಕೈಗೆ ಬಂದಾಗ ಅದು ಆದಾಯದಂತೆ ಕಾಣುತ್ತದೆ. ಅದು ಆದಾಯವಲ್ಲ, ಸಾಲ. ವಾಯಿದೆ ಮುಗಿದ ದಿನ ಪೂರ್ತಿ ಹಿಂದಿರುಗಿಸಬೇಕು. ಮಗಳ ಮದುವೆಗೆ ಅದನ್ನು ಮುಗಿಸಿ, ಕೊನೆಗೆ ಮನೆಯನ್ನೇ ಮಾರುವ ಗತಿ ಯಾರಿಗೂ ಬೇಡ.

ಎಲ್ಲಕ್ಕಿಂತ ದೊಡ್ಡ ಅಪಾಯವನ್ನು ಯಾರೂ ಹೇಳುವುದಿಲ್ಲ. ಗಿರಣಿಯ ಮಗ್ಗುಲಲ್ಲಿ ಮನೆ ಕಟ್ಟಿದವನ ಬಾಡಿಗೆದಾರನೂ ಗಿರಣಿಯವನೇ. ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕೊಂಡಾಡಿದರು. ಆ ಹೆಸರು ತಂದ ಬಟ್ಟೆ ಗಿರಣಿಗಳು ಮುಚ್ಚಿಹೋದವು. ಗಿರಣಿ ಮುಚ್ಚಿದ ದಿನ ಮನೆಯಾತನ ಮಗನ ಸಂಬಳವೂ ನಿಲ್ಲುತ್ತದೆ, ವಠಾರದ ಬಾಡಿಗೆಯೂ ನಿಲ್ಲುತ್ತದೆ. ಬೇರೆ ಕಸುಬಿನವರೂ ಬಂದು ಇರಬಹುದಾದ ಕಡೆ ಕಟ್ಟುವುದೇ ಜಾಣತನ.

ಕಾಗದಪತ್ರಗಳಲ್ಲಿ ಉದಾಸೀನ ಸಲ್ಲದು. ಇ-ಖಾತೆ ಇಲ್ಲದ ನಿವೇಶನಕ್ಕೆ, ಎಷ್ಟೇ ಅಗ್ಗವಾಗಿರಲಿ, ಮುಂಗಡ ಕೊಡಬೇಡಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. 11 ತಿಂಗಳ ಕರಾರು ರೂಢಿಯಾದದ್ದು ಇದರಿಂದಲೇ. ಅದನ್ನಾದರೂ ಬರಹದಲ್ಲಿ ಮಾಡಿ. ಕೊಟ್ಟ ದುಡ್ಡಿಗೆಲ್ಲ ರಸೀದಿ ಇರಲಿ.

ಕೊನೆಯದಾಗಿ ಒಂದು ಮಾತು. ನಿನ್ನೆಯವರೆಗೆ ಬಾಡಿಗೆ ಕಟ್ಟುತ್ತಿದ್ದವನು ಇಂದು ಬಾಡಿಗೆ ಎತ್ತುವವನಾದಾಗ ತನ್ನವರನ್ನು ಮರೆಯಬಾರದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ಪದ್ಧತಿ ಬೆಳೆಯಿತು. ಕೇಂದ್ರ ಸರ್ಕಾರ 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆಂದಿತು. ನಮ್ಮ ಊರಿನ ವಠಾರಗಳಲ್ಲಿ ಈ ಎರಡು ತಿಂಗಳೇ ನಿಯಮವಾಗಲಿ. ಲಾಭದ ಮಾತಿನಲ್ಲಿಯೂ ಇದು ಸರಿ: ನೆಮ್ಮದಿಯಿಂದ ನೆಲೆ ನಿಂತ ಬಾಡಿಗೆದಾರನಿದ್ದರೆ ಖಾಲಿ ಮನೆಯ ನಷ್ಟವಿಲ್ಲ.

ಕೈಗಾರಿಕಾ ಕಾರ್ಮಿಕರಿಗೆ ಸಹಾಯಧನದಿಂದ ಮನೆ ಕಟ್ಟಿಸುವ ಯೋಜನೆಯನ್ನು ಸರ್ಕಾರ 1952ರಲ್ಲಿಯೇ ಆರಂಭಿಸಿತ್ತು. ದುಡಿಯುವವನಿಗೆ ಸೂರು, ಮುದುಕನಿಗೆ ಬದುಕಲು ಸಾಲುವ ಪಿಂಚಣಿ, ಇವೆರಡೂ ಸಮಾಜದ ಹೊಣೆ. ಆ ಹೊಣೆಯನ್ನು ಸರ್ಕಾರ ಪೂರ್ತಿ ಹೊರುವವರೆಗೆ ನಮ್ಮ ಜನ ಬಾಡಿಗೆಯ ಆಸೆಗೆ ಬೀಳುವುದು ಸಹಜ. ಹೋರಾಟವನ್ನು ಬಿಡದಿರೋಣ, ಅಲ್ಲಿಯವರೆಗೆ ಲೆಕ್ಕದ ಪುಸ್ತಕವನ್ನೂ ಬಿಡದಿರೋಣ.