ಮಂಡೇಲಾ ಬರೀ ಕ್ಷಮಾಮೂರ್ತಿಯಲ್ಲ



ನೆಲ್ಸನ್ ಮಂಡೇಲಾ ಹೆಸರೆತ್ತಿದರೆ ಸಾಕು, ನಮ್ಮ ವೇದಿಕೆಗಳಲ್ಲಿ ‘ಕ್ಷಮಾಮೂರ್ತಿ’ ಎಂಬ ಹೊಗಳಿಕೆ ಬಂದೇ ಬರುತ್ತದೆ. ಅದು ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅವರ ಹೋರಾಟದ ಹುರುಳನ್ನೇ ಬಿಟ್ಟಂತೆ.

ದಕ್ಷಿಣ ಆಫ್ರಿಕಾದಲ್ಲಿ 1948ರಲ್ಲಿ ನ್ಯಾಷನಲ್ ಪಾರ್ಟಿ ಗೆದ್ದ ಮೇಲೆ ವರ್ಣಭೇದ ಸರ್ಕಾರದ ನೀತಿಯೇ ಆಯಿತು. ಎಲ್ಲಿ ಮನೆ ಮಾಡಬೇಕು, ಯಾವ ಶಾಲೆಗೆ ಹೋಗಬೇಕು, ಯಾರನ್ನು ಮದುವೆಯಾಗಬೇಕು, ಎಲ್ಲವನ್ನೂ ಚರ್ಮದ ಬಣ್ಣ ನೋಡಿ ಕಾನೂನು ಗೊತ್ತುಮಾಡುತ್ತಿತ್ತು. ಜೈಲಿನಲ್ಲೂ ಅದೇ. ವರ್ಣಭೇದದ ವಿರುದ್ಧ ಹೋರಾಡಿ 1964ರಲ್ಲಿ ಜೀವಾವಧಿ ಶಿಕ್ಷೆಯಾಗಿ ರಾಬೆನ್ ದ್ವೀಪದ ಜೈಲಿಗೆ ಬಂದ ಏಳು ಮಂದಿಯಲ್ಲಿ ಭಾರತೀಯ ಮೂಲದ ಅಹ್ಮದ್ ಕತ್ರಾಡಾ ಎಲ್ಲರಿಗಿಂತ ಕಿರಿಯರು. ಅವರಿಗೆ ಉದ್ದ ಪ್ಯಾಂಟು ಕೊಟ್ಟರು. ಮಂಡೇಲಾ ಸೇರಿ ಉಳಿದ ಆರು ಮಂದಿ ಕಪ್ಪು ಜನರಿಗೆ ಚಡ್ಡಿ. ಕತ್ರಾಡಾರಿಗೆ ಬ್ರೆಡ್ಡು ಸಿಗುತ್ತಿತ್ತು, ಅವರ ಹಿರಿಯರಿಗೆ ಇಲ್ಲ. ನಡುವಯಸ್ಸು ದಾಟಿದ ಗಂಡಸನ್ನು ‘ನೀನಿನ್ನೂ ಹುಡುಗ’ ಎಂದು ದಿನಾ ಹೀಯಾಳಿಸುವ ಉಡುಪು ಆ ಚಡ್ಡಿ.

ಇಂಥ ಜೈಲಿನಿಂದ ಹೊರಬರುವ ದಾರಿ 1985ರಲ್ಲಿ ತೆರೆಯಿತು. ಹಿಂಸೆಯ ಮಾರ್ಗ ಬಿಡುತ್ತೇನೆಂದು ಮಾತು ಕೊಟ್ಟರೆ ಬಿಡುಗಡೆ ಎಂದರು ಅಧ್ಯಕ್ಷ ಬೋಥಾ. ಶಿಕ್ಷೆಗೆ ಮುಂಚಿನ ಸೆರೆವಾಸವೂ ಸೇರಿ ಮಂಡೇಲಾ ಒಳಗಿದ್ದು ಆಗಲೇ ಇಪ್ಪತ್ತೆರಡು ವರ್ಷ ಕಳೆದಿತ್ತು. ಆದರೂ ಒಲ್ಲೆ ಎಂದರು. ಆ ಉತ್ತರವನ್ನು ಮಗಳು ಜಿಂಡ್ಜಿ ಸೊವೆಟೊದ ಕ್ರೀಡಾಂಗಣದಲ್ಲಿ ಸಾವಿರಾರು ಜನರೆದುರು ಓದಿದರು. ತನ್ನ ಪಕ್ಷದ ಮೇಲೆ ನಿಷೇಧವಿರುವಾಗ, ತನ್ನ ಜನ ಓಡಾಡಲು ಸರ್ಕಾರ ಕೊಡುವ ಪಾಸ್ ಇಲ್ಲದೆ ಬೀದಿಗಿಳಿದರೆ ಜೈಲು ಸೇರುವಾಗ, ತನಗೊಬ್ಬನಿಗೆ ಎಂಥ ಬಿಡುಗಡೆ ಎಂಬುದು ಅದರ ಸಾರ. 1990ರ ಫೆಬ್ರುವರಿ 11ರಂದು ಅವರು ಹೊರಬಂದಾಗ ಪಕ್ಷದ ಮೇಲಿನ ನಿಷೇಧ ತೆರವಾಗಿತ್ತು, ಯಾವ ಷರತ್ತೂ ಇರಲಿಲ್ಲ.

ಆ ಮೇಲೆ ಸರ್ಕಾರದ ಜತೆ ನಡೆದ ಮಾತುಕತೆಯಲ್ಲೂ ಅವರು ಮೆತ್ತಗಾಗಲಿಲ್ಲ. ಬಿಳಿಯರಿಗೆ ವಿಶೇಷ ತಡೆಯಧಿಕಾರ ಉಳಿಸಿಕೊಳ್ಳುವ ಪ್ರಯತ್ನಕ್ಕೆ ಅವರ ಉತ್ತರ ಒಂದೇ: ಒಬ್ಬರಿಗೆ ಒಂದು ಮತ. 1992ರ ಜೂನ್‌ನಲ್ಲಿ ಕಪ್ಪು ಜನರ ವಸತಿ ಬೋಯಿಪಟಾಂಗ್‌ನಲ್ಲಿ ಹತ್ಯಾಕಾಂಡವಾದಾಗ ಅವರ ಪಕ್ಷ ಮಾತುಕತೆ ಮುರಿದು ಎದ್ದುಬಂತು. ಮರುವರ್ಷ ಜನಪ್ರಿಯ ನಾಯಕ ಕ್ರಿಸ್ ಹಾನಿ ಕೊಲೆಯಾಗಿ ದೇಶ ಹೊತ್ತಿ ಉರಿಯುವಂತಿದ್ದಾಗ ಅದೇ ಮಂಡೇಲಾ ಟಿವಿಯಲ್ಲಿ ಬಂದು ಶಾಂತಿ ಕೋರಿದರು. ಕೊಂದವನು ಬಿಳಿಯ, ಅವನನ್ನು ಹಿಡಿಸಿಕೊಟ್ಟವಳೂ ಬಿಳಿಯ ಹೆಂಗಸು ಎಂದು ನೆನಪಿಸಿದರು. ಆ ಮೇಲೆ ಚುನಾವಣೆಯ ದಿನಾಂಕ ಗೊತ್ತಾಗುವವರೆಗೆ ಬಿಡಲಿಲ್ಲ. 1994ರ ಏಪ್ರಿಲ್ 27ರಂದು ಮೈಲುದ್ದ ಸಾಲುಗಳಲ್ಲಿ ನಿಂತ ಅಜ್ಜ ಅಜ್ಜಿಯರು ಜೀವನದಲ್ಲಿ ಮೊದಲ ಸಲ ಮತ ಹಾಕಿದರು.

ಇದು ಒಬ್ಬರಿಂದಲೇ ಆದದ್ದಲ್ಲ. 1976ರಲ್ಲಿ ಗುಂಡೇಟು ತಿಂದ ಸೊವೆಟೊದ ಶಾಲಾಮಕ್ಕಳು, ಕಾರ್ಮಿಕ ಸಂಘಗಳು, 1946ರಲ್ಲೇ ವ್ಯಾಪಾರ ಕಡಿದುಕೊಂಡ ನಮ್ಮ ದೇಶ, ಎಲ್ಲರ ಪಾಲೂ ಇದೆ. ಮಂಡೇಲಾ ಅತಿಯಾಗಿ ರಾಜಿಯಾದರು, ಭೂಮಿ ಸಂಪತ್ತು ಬಿಳಿಯರಲ್ಲೇ ಉಳಿಯಿತು ಎಂದು ಅಲ್ಲಿನ ಯುವಕರು ಇಂದು ಸಿಟ್ಟಾಗುತ್ತಾರೆ. ಆ ಸಿಟ್ಟು ನ್ಯಾಯವಾದದ್ದು. ಅದನ್ನು ಮತಪೆಟ್ಟಿಗೆಯಲ್ಲಿ ತೋರಿಸುವ ಹಕ್ಕು ಅವರಿಗೆ ದಕ್ಕಿದ್ದು ‘ಒಬ್ಬರಿಗೆ ಒಂದು ಮತ’ ಎಂಬ ಆ ಪಟ್ಟಿನಿಂದಲೇ. 2024ರಲ್ಲಿ ಮಂಡೇಲಾರ ಪಕ್ಷವೇ ಬಹುಮತ ಕಳೆದುಕೊಂಡು, ಫಲಿತಾಂಶ ಒಪ್ಪಿ, ಎದುರಾಳಿಗಳ ಜತೆ ಸರ್ಕಾರ ಮಾಡಿತು.

1994ರ ಚುನಾವಣೆಯ ಬಳಿಕ ಅಧ್ಯಕ್ಷರಾಗಿದ್ದಾಗ ಮಂಡೇಲಾ ನಡೆದುಕೊಂಡ ರೀತಿಯೂ ಹಾಗೆಯೇ. 1995ರಲ್ಲಿ ಸಂವಿಧಾನ ನ್ಯಾಯಾಲಯ ಅವರ ಆದೇಶಗಳನ್ನು ರದ್ದು ಮಾಡಿದಾಗ ತೀರ್ಪಿಗೆ ತಲೆಬಾಗಿದರು. 1999ರಲ್ಲಿ, ಇನ್ನೊಂದು ಅವಧಿಗೆ ಅವಕಾಶವಿದ್ದರೂ, ಕುರ್ಚಿ ಬಿಟ್ಟರು.

ಜುಲೈ 18ರಂದು ಮಂಡೇಲಾ ದಿನ ಆಚರಿಸುವ ಶಿಕ್ಷಕರಲ್ಲಿ, ಸಂಘಟಕರಲ್ಲಿ ನಮ್ಮ ಕೋರಿಕೆ ಇಷ್ಟೇ: ಕ್ಷಮೆಯ ಕತೆಯ ಜತೆಗೆ 1985ರ ಆ ‘ಒಲ್ಲೆ’ಯನ್ನೂ, 1995ರ ಆ ತೀರ್ಪನ್ನೂ ಮಕ್ಕಳಿಗೆ ಹೇಳಿ.