ಮಗುವನ್ನು ಅಜ್ಜಿಯ ಬಳಿ ಬಿಡುವ ಮುನ್ನ

ಕಳೆದ ತಿಂಗಳು ನಮ್ಮ ವಾಳೆಯ ಯುವ ದಂಪತಿಗಳು ಮನೆಗೆ ಬಂದಿದ್ದರು. ಪತ್ನಿಗೆ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ದಾದಿಯ ಹುದ್ದೆ ದೊರೆತಿದೆ. ಪತಿಯೂ ಜೊತೆಗೆ ಹೊರಡುವವರಿದ್ದಾರೆ. ಒಂದೂವರೆ ವರ್ಷದ ಮಗುವನ್ನು ಮಾತ್ರ ಸದ್ಯಕ್ಕೆ ಅಜ್ಜಿಯ ಬಳಿ ಬಿಟ್ಟು, ಅಲ್ಲಿ ಶಿಶುವಿಹಾರದಲ್ಲಿ ಸ್ಥಾನ ದೊರೆತ ಬಳಿಕ ಕರೆಸಿಕೊಳ್ಳುವುದೆಂದು ನಿಶ್ಚಯಿಸಿದ್ದಾರೆ. "ಅಂಕಲ್, ನಿಮ್ಮ ಮನೆಯಲ್ಲೂ ಹಾಗೆಯೇ ಮಾಡಿದಿರಲ್ಲವೇ?" ಎಂದು ಕೇಳಿದರು. ಹೌದು, ಹಾಗೆಯೇ ಮಾಡಿದೆವು. ಹಾಗೆ ಮಾಡಬಾರದಿತ್ತು ಎಂಬುದನ್ನು ಹೇಳಲೆಂದೇ ಈ ಲೇಖನ.

ನನ್ನ ಕಿರಿಯ ಮಗಳು ಜರ್ಮನಿಗೆ ಹೊರಟದ್ದು 2022ರಲ್ಲಿ. ಮಗುವನ್ನು ಇಲ್ಲಿಯೇ ಬಿಡುವಂತೆ ಸಲಹೆ ನೀಡಿದವನು ನಾನೇ. ಆರು ತಿಂಗಳ ಮಾತು ಹದಿನಾಲ್ಕು ತಿಂಗಳಿಗೆ ಬೆಳೆಯಿತು. ಮೊಮ್ಮಗಳು ತನ್ನ ತಾಯಿಯನ್ನು 'ಫೋನಿನ ಮಮ್ಮಿ' ಎಂದು ಕರೆಯತೊಡಗಿದಾಗ ನಾವೆಲ್ಲ ನಕ್ಕೆವು. ಆದರೆ ಆ ಮಮ್ಮಿ ಕರೆದೊಯ್ಯಲು ಬಂದು ಅಂಗಳದಲ್ಲಿ ನಿಂತಾಗ ಮಗು ಅಜ್ಜಿಯ ಸೀರೆಯ ಹಿಂದೆ ಅಡಗಿಕೊಂಡಿತು. ಮೂರು ರಾತ್ರಿ ಆಕೆಯ ಪಕ್ಕದಲ್ಲಿ ಮಲಗಲಿಲ್ಲ. ಆಗ ನಗು ಯಾರಿಗೂ ಬರಲಿಲ್ಲ. ಮೂರು ವಾರಗಳ ಬಳಿಕ ಅಜ್ಜಿಯಿಂದಲೂ ಬಿಡಿಸಿ ವಿಮಾನ ಹತ್ತಿಸಿದ್ದಾಯಿತು. ಎಳೆಯ ವಯಸ್ಸಿನಲ್ಲಿ ಆ ಮಗು ತಾಯಿಯನ್ನು ಎರಡು ಸಲ ಕಳೆದುಕೊಂಡಂತಾಯಿತೆಂದು ನನಗೆ ಇಂದಿಗೂ ಅನಿಸುತ್ತದೆ. ಹಿರಿಯರಾದ ನಮಗೆ ಮೊಮ್ಮಗಳು ಮನೆಯಲ್ಲಿರಲೆಂಬ ಆಸೆಯೂ ಆ ಸಲಹೆಯ ಹಿಂದೆ ಇತ್ತೆಂಬುದನ್ನು ಮರೆಮಾಚಲಾರೆ.

ಜರ್ಮನಿಯಲ್ಲಿ ಶಿಶುವಿಹಾರವನ್ನು 'ಕಿಟಾ' ಎನ್ನುತ್ತಾರೆ. ಕಾನೂನೇನೋ ಉದಾರವಾಗಿದೆ. ಮೂರು ವರ್ಷ ತುಂಬಿದ ಮಕ್ಕಳಿಗೆ 1996ರಿಂದಲೂ, ಒಂದು ವರ್ಷ ತುಂಬಿದ ಮಕ್ಕಳಿಗೆ 2013ರ ಆಗಸ್ಟ್ 1ರಿಂದಲೂ ಸ್ಥಾನ ಪಡೆಯುವ ಹಕ್ಕಿದೆ. ಸ್ಥಾನ ಸಿಗದೆ ಕೆಲಸಕ್ಕೆ ಮರಳಲಾಗದ ಲೈಪ್ಸಿಗ್ ನಗರದ ಮೂವರು ತಾಯಂದಿರು ನ್ಯಾಯಾಲಯದ ಮೆಟ್ಟಿಲೇರಿದಾಗ, ನಗರಾಡಳಿತದ ತಪ್ಪಿನಿಂದ ಸ್ಥಾನ ದೊರೆಯದಿದ್ದರೆ ಕಳೆದುಕೊಂಡ ಸಂಬಳಕ್ಕೆ ಪರಿಹಾರ ಕೇಳಬಹುದೆಂದೂ, ಹಣದ ಮುಗ್ಗಟ್ಟು ಅದಕ್ಕೆ ನೆಪವಾಗದೆಂದೂ ಅಲ್ಲಿನ ಉಚ್ಚ ನ್ಯಾಯಪೀಠವು 2016ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ಆದರೆ ಹಕ್ಕು ಬೇರೆ, ಸ್ಥಾನ ಬೇರೆ. ದೇಶದ ಪಶ್ಚಿಮ ಭಾಗದ ಅನೇಕ ನಗರಗಳಲ್ಲಿ ಕಟ್ಟಡವಿದ್ದರೂ ಶಿಕ್ಷಕಿಯರಿಲ್ಲ. ಪೂರ್ವ ಭಾಗದಲ್ಲಾದರೋ ಜನನ ಪ್ರಮಾಣ ಕುಸಿದು ಹಲವೆಡೆ ಸ್ಥಾನಗಳು ಖಾಲಿ ಬಿದ್ದಿವೆ. ಯಾವ ಊರಿನ ಆಸ್ಪತ್ರೆಯನ್ನು ಒಪ್ಪಿಕೊಳ್ಳಬೇಕೆಂದು ಯೋಚಿಸುವಾಗ ನಮ್ಮವರು ಸಂಬಳವನ್ನು ವಿಚಾರಿಸುತ್ತಾರೆ, ಕೊಂಕಣಿ ಬಲಿಪೂಜೆ ಇದೆಯೇ ಎಂದು ಸಹ ವಿಚಾರಿಸುತ್ತಾರೆ. ಕಿಟಾದ ಬಗ್ಗೆ ವಿಚಾರಿಸುವವರು ಅಪರೂಪ.

ಇನ್ನು ನಮ್ಮ ಅಭ್ಯಾಸದ ಮಾತು. ಎಲ್‌ಕೆಜಿ ಸೀಟು ಬೇಕಾದರೆ ಧರ್ಮಗುರುಗಳ ಪತ್ರ ಹಿಡಿದು ಧರ್ಮಭಗಿನಿಯರ ಶಾಲೆಗೆ ಹೋಗುವುದು ನಮಗೆ ರೂಢಿ. ಜರ್ಮನಿಯ ಶಿಶುವಿಹಾರಗಳಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಕಥೋಲಿಕ ಹಾಗೂ ಪ್ರೊಟೆಸ್ಟಂಟ್ ಧರ್ಮಸಭೆಗಳೇ ನಡೆಸುತ್ತಿವೆಯೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೊಮ್ಮಗಳ ದೀಕ್ಷಾಸ್ನಾನದ ಪ್ರಮಾಣಪತ್ರಕ್ಕೆ ವಿಗಾರರ ಮೊಹರು ಹಾಕಿಸಿ, ಜೊತೆಗೆ ಶಿಫಾರಸು ಪತ್ರವೊಂದನ್ನೂ ಬರೆಸಿ ಕಳುಹಿಸಿದೆ. ಕಿಟಾದ ಮುಖ್ಯಸ್ಥೆ ಎರಡನ್ನೂ ಓದಿ, ನಗುನಗುತ್ತಾ ಮಗಳ ಕೈಗೆ ಹಿಂದಿರುಗಿಸಿದರಂತೆ. ಆಕೆ ಕೇಳಿದ್ದು ಮಗುವಿನ ಜನನ ದಿನಾಂಕ, ಊರಿನಲ್ಲಿ ವಾಸ ನೋಂದಾಯಿಸಿದ ಪತ್ರ, ತಂದೆತಾಯಿಯರ ಕೆಲಸದ ವೇಳೆ ಮತ್ತು ದಡಾರದ ಚುಚ್ಚುಮದ್ದಿನ ದಾಖಲೆ. ಆ ಶಿಶುವಿಹಾರಗಳ ವೆಚ್ಚದ ಬಹುಪಾಲು ಸರ್ಕಾರದ ಬೊಕ್ಕಸದಿಂದ ಬರುತ್ತದೆ; ಅಲ್ಲಿ ಎಲ್ಲ ಧರ್ಮಗಳ ಮಕ್ಕಳೂ ಇದ್ದಾರೆ. ಅದು ನ್ಯಾಯವೇ ಸರಿ, ಆದರೆ ಅಂದು ನನಗೆ ಬೇಸರವಾದದ್ದು ನಿಜ.

ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ. ವಾಸ ನೋಂದಣಿಯ ಅರ್ಜಿಯಲ್ಲಿ ಧರ್ಮವನ್ನು ನಮೂದಿಸುವ ಜಾಗವಿದೆ. ಕಥೋಲಿಕನೆಂದು ಬರೆದರೆ ಧರ್ಮಸಭೆಯ ತೆರಿಗೆ ಸಲ್ಲುತ್ತದೆ. ಅದು ಸಂಬಳದ ಶೇಕಡಾ 9 ಅಲ್ಲ, ಆದಾಯ ತೆರಿಗೆಯ ಶೇಕಡಾ 9. ಬವೇರಿಯಾ ಮತ್ತು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯಗಳಲ್ಲಿ ಶೇಕಡಾ 8. ಅದನ್ನು ಉಳಿಸಲು ಆ ಜಾಗವನ್ನು ಖಾಲಿ ಬಿಟ್ಟು, ಬಳಿಕ ಇಗರ್ಜಿಯ ಕಿಟಾದ ಬಾಗಿಲಲ್ಲಿ ನಾವು ಕಥೋಲಿಕರೆಂದು ನಿಲ್ಲುವವರಿದ್ದಾರೆ. ಅವರ ಮನಸ್ಸಾಕ್ಷಿಗೆ ಅದನ್ನು ಬಿಡುತ್ತೇನೆ.

ಹೊರಡುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ದೊಡ್ಡ ಮಕ್ಕಳು ಬೇಸಗೆಯ ರಜೆಯ ಬಳಿಕ ಶಾಲೆಗೆ ಸೇರಿದಾಗಲೇ ಕಿಟಾಗಳಲ್ಲಿ ಸ್ಥಾನಗಳು ತೆರವಾಗುವುದರಿಂದ ಆಗಸ್ಟ್–ಸೆಪ್ಟೆಂಬರ್ ಪ್ರವೇಶದ ಕಾಲ. ಅಕ್ಟೋಬರ್‌ನಲ್ಲಿ ಬಂದಿಳಿದವರು ಮುಂದಿನ ಆಗಸ್ಟ್‌ವರೆಗೆ ಕಾಯಬೇಕಾದೀತು. ಅಲ್ಲಿ ವಾಸವಿಲ್ಲದವರಿಗೆ ಹಕ್ಕು ಹುಟ್ಟುವುದಿಲ್ಲ, ನಿಜ. ಆದರೂ ಇಲ್ಲಿಂದಲೇ ಹತ್ತಾರು ಕಿಟಾಗಳಿಗೆ ಬರೆದು ಕೇಳಲು ಅಡ್ಡಿಯೇನೂ ಇಲ್ಲ. ಮೂರು ವರ್ಷದೊಳಗಿನ ಮಕ್ಕಳನ್ನು 'ಟಾಗೆಸ್‌ಮುಟರ್' ಎಂಬ ಪರವಾನಗಿ ಪಡೆದ ದಿನಪಾಲಕಿಯರ ಬಳಿಯೂ ಬಿಡಬಹುದು. ಒಬ್ಬಾಕೆ ಒಂದೇ ವೇಳೆಗೆ ಐದಕ್ಕಿಂತ ಹೆಚ್ಚು ಮಕ್ಕಳನ್ನು ನೋಡಿಕೊಳ್ಳುವಂತಿಲ್ಲ. ನಮ್ಮವರು ಇದನ್ನು ಕೀಳೆಂದು ಭಾವಿಸುವುದೇಕೆಂದು ತಿಳಿಯದು. ದಡಾರದ ಚುಚ್ಚುಮದ್ದಿನ ದಾಖಲೆಯಿಲ್ಲದೆ 2020ರ ಮಾರ್ಚ್‌ನಿಂದ ಎಲ್ಲಿಯೂ ಪ್ರವೇಶವಿಲ್ಲ. ಎರಡು ವರ್ಷ ತುಂಬಿದವರಿಗೆ ಎರಡು ಚುಚ್ಚುಮದ್ದುಗಳಾಗಿರಬೇಕು. ನಮ್ಮ ಆರೋಗ್ಯ ಕೇಂದ್ರದ ಆ ಮಾಸಿದ ಕಾರ್ಡನ್ನು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ. ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬರ್ಲಿನ್‌ನಲ್ಲಿ 2018ರ ಆಗಸ್ಟ್‌ನಿಂದ ಶುಲ್ಕವಿಲ್ಲ, ಊಟದ ಹಣ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ದಾದಿಯರ ಬೆಳಗಿನ ಪಾಳಿ ಸುಮಾರು ಆರಕ್ಕೆ ಆರಂಭವಾದರೆ ಕಿಟಾಗಳು ತೆರೆಯುವುದು ಸಾಮಾನ್ಯವಾಗಿ ಏಳರ ಬಳಿಕ. ಕೆಲವು ಆಸ್ಪತ್ರೆಗಳು ತಮ್ಮದೇ ಶಿಶುವಿಹಾರ ನಡೆಸುತ್ತವೆ. ಕರಾರಿಗೆ ಸಹಿ ಹಾಕುವ ಮೊದಲೇ ಅದನ್ನು ಕೇಳಬೇಕು. ಸಹಿ ಹಾಕಿದ ಬಳಿಕ ಕೇಳಿದರೆ ಉತ್ತರಕ್ಕೆ ಅವಸರವಿರುವುದಿಲ್ಲ.

ಸ್ಥಾನ ದೊರೆತರೂ ಮರುದಿನವೇ ಮಗುವನ್ನು ಬಿಟ್ಟು ಕೆಲಸಕ್ಕೆ ಓಡುವಂತಿಲ್ಲ. ಇದು ನನಗೆ ಅತ್ಯಂತ ವಿಚಿತ್ರವಾಗಿ ಕಂಡ, ಆಮೇಲೆ ಅತ್ಯಂತ ಹಿಡಿಸಿದ ಪದ್ಧತಿ. ನಮ್ಮಲ್ಲಿ ಜೂನ್ ತಿಂಗಳ ಮೊದಲ ದಿನ ಅಳುವ ಮಗುವನ್ನು ಆಯಾ ಎತ್ತಿಕೊಂಡು ಒಳಗೆ ಹೋಗುತ್ತಾಳೆ, ಗೇಟು ಮುಚ್ಚುತ್ತದೆ, ತಾಯಿ ಹೊರಗೆ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ. ಅಲ್ಲಿ ಬಹಳಷ್ಟು ಕಡೆ ಅನುಸರಿಸುವ ಬರ್ಲಿನ್ ಪದ್ಧತಿಯಂತೆ ಮೊದಲ ಮೂರು ದಿನ ತಂದೆ ಅಥವಾ ತಾಯಿ ಮಗುವಿನೊಂದಿಗೆ ಸುಮಾರು ಒಂದು ಗಂಟೆ ಕೋಣೆಯಲ್ಲೇ ಕುಳಿತಿರಬೇಕು. ಆಡಿಸಬೇಕಾಗಿಲ್ಲ, ಮೂಲೆಯಲ್ಲಿ ಸುಮ್ಮನೆ ಇದ್ದರೆ ಸಾಕು. ಮಗು ತಿರುಗಿ ನೋಡಿದಾಗ ಅಲ್ಲಿ ಕಾಣಬೇಕು, ಅಷ್ಟೆ. ನಾಲ್ಕನೆಯ ದಿನ ಕೆಲವು ನಿಮಿಷ ಹೊರಗೆ ಹೋಗಿ ನೋಡುತ್ತಾರೆ. ಅಂದು ಸೋಮವಾರವಾಗಿದ್ದರೆ ಅದನ್ನೂ ಮಾಡುವುದಿಲ್ಲ, ಎರಡು ದಿನ ಮನೆಯಲ್ಲಿದ್ದು ಬಂದ ಮಗುವಿಗೆ ಕಷ್ಟವೆಂದು. ಹೀಗೆ ವಾರಗಳೇ ಹಿಡಿಯುತ್ತವೆ. ಅಕ್ಷರ ಕಲಿಸುವ ಮಾತೇ ಇಲ್ಲ. ಫ್ರೋಬೆಲ್ 1840ರಲ್ಲಿ 'ಕಿಂಡರ್‌ಗಾರ್ಟನ್' ಎಂಬ ಹೆಸರು ಕೊಟ್ಟ ನಾಡು ಅದು. ಮಳೆಯಲ್ಲೂ ರಬ್ಬರ್ ಬೂಟು ತೊಡಿಸಿ ಹೊರಗೆ ಆಡಿಸುತ್ತಾರೆ.

ಹೊಸತಾಗಿ ಸೇರಿದ ದಾದಿಗೆ ಈ ವಾರಗಳ ರಜೆ ಸುಲಭದಲ್ಲಿ ಸಿಗದು. ನಮ್ಮ ಮನೆಯಲ್ಲಿ ಮೂಲೆಯ ಪುಟ್ಟ ಕುರ್ಚಿಯಲ್ಲಿ ಕುಳಿತವನು ಅಳಿಯ. ಅದಕ್ಕಾಗಿ ತಾನು ಕೆಲಸ ಸೇರುವುದನ್ನು ಎರಡು ತಿಂಗಳು ಮುಂದೂಡಿದ. ಹೆಂಡತಿ ದುಡಿಯುವಾಗ ಗಂಡ ಮಗು ನೋಡಿಕೊಂಡು ಕುಳಿತಿದ್ದಾನೆಂದು ಇಲ್ಲಿ ಮದುವೆ ಮನೆಯೊಂದರಲ್ಲಿ ಮಾತಾಯಿತು. ಆ ಎರಡು ತಿಂಗಳನ್ನು ಮೊದಲೇ ಲೆಕ್ಕ ಹಾಕಿ, ವಿಮಾನದ ಟಿಕೆಟಿನಂತೆ ಅದಕ್ಕೂ ಹಣ ಕೂಡಿಟ್ಟಿದ್ದರೆ ಹದಿನಾಲ್ಕು ತಿಂಗಳು ಉಳಿಯುತ್ತಿತ್ತು. ಸಾಲ ತೀರಿಸಲು ಇಬ್ಬರೂ ಮೊದಲ ದಿನದಿಂದಲೇ ದುಡಿಯಬೇಕಾದ ಕುಟುಂಬಗಳೂ ಇವೆಯೆಂದು ಬಲ್ಲೆ, ಅವರನ್ನು ದೂಷಿಸಲಾರೆ. ಆದರೆ ಸಾಲವಿಲ್ಲದ ನಾವೂ ಹಾಗೆಯೇ ಮಾಡಿದೆವಲ್ಲ?

ಇಷ್ಟನ್ನೂ ಆ ದಂಪತಿಗಳಿಗೆ ಹೇಳಿದೆ. ಹುಡುಗಿ ಮೌನವಾಗಿ ಕೇಳಿಸಿಕೊಂಡಳು. ಹುಡುಗ ಮೊನ್ನೆ ಫೋನ್ ಮಾಡಿ, ಕಿಟಾದ ಬಗ್ಗೆ ಆಸ್ಪತ್ರೆಗೆ ಬರೆದಿದ್ದೇವೆ, ಉತ್ತರ ಬಂದಿಲ್ಲ, ಪ್ರಯಾಣವನ್ನು ಮುಂದೂಡುವ ಬಗ್ಗೆ ಅಮ್ಮನಿಗೆ ಇನ್ನೂ ಹೇಳಿಲ್ಲ ಎಂದ.